ಮಂಚಕ್ಕೆ ಬಂದ ನ್ಯುಮೋನಿಯಾ

ಪ್ರೊಫೆಸರ್ ಕಾತ್ಯಾಯಿನಿ ಮೂವತ್ತೈದು ವರ್ಷ ಕಂಪ್ಯೂಟರ್ ವಿಜ್ಞಾನ ಕಲಿಸಿದವರು. ದೂರದ ಹಳ್ಳಿಯ ರೋಗಿಯ ಎದೆಬಡಿತವನ್ನು ಟೆಲಿಫೋನ್ ತಂತಿಯಲ್ಲೇ ಪಟ್ಟಣದ ಡಾಕ್ಟರಿಗೆ ಕೇಳಿಸಿದ ಗಟ್ಟಿಗಿತ್ತಿ. ಅವರ ಕೈಯಲ್ಲಿ ಕಲಿತು ತಾವೂ ಪ್ರೊಫೆಸರಾದವರು ಸಾವಿರ ಜನ. ಹೆಚ್ಚಾಯಿತೇ? ಸರಿ, ಎಣಿಸಿದವರು ಯಾರು!

ಅವರಲ್ಲೊಬ್ಬ ಓಂಕಾರಸ್ವಾಮಿ. ಮೇಡಂ ನಿವೃತ್ತರಾಗಿ ಕಪಿಲಾ ದಂಡೆಯಲ್ಲಿ ನೆಲೆಸಿದ ಮೇಲೆ, ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಅವಚಿಕೊಂಡು ಓಡಿಬಂದ.

ಮೇಡಂ ಕಾಫಿ ತಂದಿಟ್ಟರು. ಅವನಿಗೆ ಅದರ ಕಡೆ ಗಮನವೇ ಇಲ್ಲ.

"ಮೇಡಂ, ಫೋನಿನಲ್ಲಿ ಕೆಮ್ಮಿದರೆ ಸಾಕು, ನ್ಯುಮೋನಿಯಾ ಇದೆಯೋ ಇಲ್ಲವೋ ನನ್ನ ಯಂತ್ರ ಹೇಳುತ್ತೆ. ನೂರಕ್ಕೆ ತೊಂಬತ್ತೆಂಟು ಸರಿ! ನಾಳೆ ಮಂತ್ರಿಗಳಿಂದ ಉದ್ಘಾಟನೆ. ನಾಳಿದ್ದು ನಲವತ್ತು ಹಳ್ಳಿಗೆ ಹೋಗುತ್ತೆ. ಆಶೀರ್ವಾದ ಮಾಡಿ."

"ಅಷ್ಟೊಂದು ಕೆಮ್ಮು ಎಲ್ಲಿ ಸಿಕ್ಕಿತೋ?"

"ಆಸ್ಪತ್ರೆಯಲ್ಲೇ. ಕಾಯಿಲೆಯವರದು ವಾರ್ಡಿನಲ್ಲಿ, ಮಂಚದ ಮೇಲೆ ಮಲಗಿದ್ದ ಹಾಗೇ ರೆಕಾರ್ಡ್ ಮಾಡಿದೆ. ಚೆನ್ನಾಗಿದ್ದವರದು ಹೊರಗೆ, ಕಲ್ಲುಬೆಂಚಿನ ಮೇಲೆ ಕೂರಿಸಿ."

"ಯಂತ್ರ ಶುರು ಮಾಡು."

ಮೇಡಂ ಎದ್ದರು. ಮೂಲೆಯ ಹಳೇ ಕಬ್ಬಿಣದ ಮಂಚದ ಮೇಲೆ ಕೂತರು. ಕೂತಲ್ಲೇ, ಎಪ್ಪತ್ತೊಂದರ ಆ ಹೆಂಗಸು, ಕುಪ್ಪಳಿಸತೊಡಗಿದರು.

ಕಿರ್ರ್. ಕಿರ್ರ್. ಕೆಮ್ಮಲೇ ಇಲ್ಲ.

ಪರದೆ ಕೆಂಪಾಯಿತು: ನ್ಯುಮೋನಿಯಾ. ಕೂಡಲೇ ಆಸ್ಪತ್ರೆಗೆ ಸೇರಿಸಿ.

"ಅಯ್ಯೋ ಪಾಪ," ಎಂದರು ಮೇಡಂ, ಮಂಚದ ಕಾಲು ಸವರುತ್ತ. "ನಿನ್ನೆವರೆಗೂ ಚೆನ್ನಾಗಿತ್ತಪ್ಪ."

ಓಂಕಾರಸ್ವಾಮಿಗೆ ನಗು ಬರಲಿಲ್ಲ. ಯಂತ್ರ ಇಷ್ಟು ದಿನ ಕಲಿತದ್ದು ಕೆಮ್ಮನ್ನಲ್ಲ, ವಾರ್ಡಿನ ಮಂಚದ ಕಿರುಗುಟ್ಟುವಿಕೆಯನ್ನು.

"ಮೇಡಂ, ನಿಜವಾಗಿ ಕಾಯಿಲೆ ಬಿದ್ದವಳು ಹಳ್ಳಿಯಲ್ಲಿ ಜಗಲಿ ಮೇಲೆ ಕೂತು ಕೆಮ್ಮಿದರೆ?"

"ನೀನೇ ಹೇಳು."

"ಏನೂ ಆಗಿಲ್ಲ, ಮನೆಯಲ್ಲೇ ಇರು ಅನ್ನುತ್ತೆ."



ಅವನು ಫೋನ್ ತೆಗೆದು ಮಂತ್ರಿಗಳ ಕಚೇರಿಗೆ ಕರೆ ಮಾಡಿದ. "ಸರ್, ನಾಳೆಯ ಉದ್ಘಾಟನೆ ಬೇಡ. ಯಂತ್ರ ತಪ್ಪು ಕಲಿತಿದೆ. ಇಲ್ಲ ಸರ್, ಕಲಿಸಿದವನು ನಾನೇ."

ಆ ಕಡೆಯಿಂದ ಬಂದ ಬೈಗುಳ ಹೊಳೆಯಾಚೆ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತಂತೆ.

ಫೋನ್ ಇಟ್ಟು ತಲೆ ತಗ್ಗಿಸಿದ. "ನಿಮ್ಮ ಹೆಸರು ಕೆಡಿಸಿಬಿಟ್ಟೆ, ಮೇಡಂ."

ಮೇಡಂ ಲೋಟವನ್ನು ಅವನ ಕಡೆ ಸರಿಸಿದರು.

"ನನ್ನ ಮೊದಲನೇ ಯಂತ್ರ ಸೀಲಿಂಗ್ ಫ್ಯಾನಿಗೆ ಹೃದಯದ ಕಾಯಿಲೆ ಅಂದಿತ್ತು ಕಣೋ. ಅದನ್ನು ಒಪ್ಪಿಕೊಳ್ಳೋಕೆ ನನಗೆ ಎರಡು ವರ್ಷ ಹಿಡಿಯಿತು. ನಿನ್ನ ಕಾಫಿ ಇನ್ನೂ ಆರಿಲ್ಲ, ನೋಡು."