ಬೆರಳ ಟೋಪಿ ಒಪ್ಪಲಿಲ್ಲ

ಸೂಜಿಗಳು ಆಡುವ ಮಾತು ತಿಳಿಯುವವನು ಧಾರವಾಡ ಸೀಮೆಗೆಲ್ಲ ನಾನೊಬ್ಬನೇ. ಸುಳ್ಳು ಬಿಡಿ, ನನಗೆ ಹೆಂಡತಿಯ ಮಾತೇ ತಿಳಿಯೋದಿಲ್ಲ. ಕತೆ ಮಾತ್ರ ಖರೆ.

ಒಂದು ಎಳೆಯ ಸೂಜಿ, ಹಳೆಯ ಸೀರೆಗಳನ್ನು ಸೇರಿಸಿ ಹೊಲಿಯುವ ಕೌದಿಯ ಹೊಲಿಗೆ ಹಾಕಿ ಜೀನ್ಸ್ ಬಟ್ಟೆಯ ಚೀಲ ಹೊಲಿಯಲು ಹೊರಟಿತು.

"ಕೌದಿ ಅಂದ್ರ ಹಾಸಿ ಹೊದಿಯೂದು. ಹೆಗಲಿಗೆ ಹಾಕ್ಕೊಂಡು ಸಂತಿ ಸುತ್ತೂದಲ್ಲ!" ಎಂದು ಹಳೆಯ ಸೀರೆಯ ತುಂಡು ಮೂಗು ಮುರಿಯಿತು.

ಕತ್ತರಿ "ಶಭಾಷ್, ಹೊಸತನ ಬೇಕು!" ಎಂದು ಹೊಗಳಿ, ಬಾಯಿ ಮುಚ್ಚಿಕೊಂಡು ಮಲಗಿತು.

ಸೂಜಿ ನೂಕಲು ಬೆರಳಿಗೆ ಹಾಕುವ ಹಿತ್ತಾಳೆಯ ಮುದಿ ಟೋಪಿ, "ನಾ ಇದನ್ನ ಒಪ್ಪೂದಿಲ್ಲ" ಎಂದು ಖಡಾಖಂಡಿತ ಹೇಳಿತು.

ಚೀಲದ ತಳದ ದಪ್ಪ ಮಡಿಕೆಯಲ್ಲಿ ಸೂಜಿ ಅರ್ಧಕ್ಕೇ ಸಿಕ್ಕಿಬಿತ್ತು. ಮೈ ಬಾಗಿತು, ಇನ್ನೇನು ಮುರಿಯಬೇಕು. ಅಷ್ಟರಲ್ಲಿ ಟೋಪಿ ಉರುಳಿ ಬಂದು ಅದರ ಬೆನ್ನಿಗೆ ತಲೆ ಕೊಟ್ಟಿತು.

"ಒಪ್ಪೂದಿಲ್ಲ ಅಂದಿದ್ದಿಯಲ್ಲ, ಅಜ್ಜಾ?"

"ಈಗೂ ಒಪ್ಪೂದಿಲ್ಲ. ಚೀಲ ನಿಂದು, ಆದ್ರ ಹೊಲಿಗಿ ನಮ್ಮ ಮನೀದು. ಅದು ನಡುವ ನಿಲ್ಲಬಾರದು. ಮೈ ನೆಟ್ಟಗ ಮಾಡು ಕೂಸ, ನೂಕ್ತೀನಿ."

ಸೂಜಿ ಆಚೆ ಬದಿಗೆ ಹೊಳೆಯುತ್ತ ಎದ್ದಿತು. ಚೀಲ ಮುಗಿಯುವವರೆಗೂ ಅಜ್ಜ ಬೈಯುತ್ತಲೇ ಇದ್ದ, ನೂಕುತ್ತಲೇ ಇದ್ದ.

ನೀವೂ ನನ್ನ ಕತೆಯನ್ನು ಒಪ್ಪಬೇಕಾಗಿಲ್ಲ. ಚಹಾದ ದುಡ್ಡೊಂದು ಕೊಟ್ಟುಬಿಡಿ.