ಬೋರಲು ಹಾಕಿದ ಹರಿಗೋಲು

"ಕೆಂಗೋಟೆಯ ಪ್ರಜೆಗಳೆಲ್ಲರೂ ಕೇಳತಕ್ಕದ್ದು! ಹೊಳೆಯಾಚೆಯ ಅರಸ ನಮ್ಮ ಮೇಲೆ ದಂಡೆತ್ತಿ ಬರಲಿದ್ದಾನೆಂದು ಬೇಹುಗಾರರ ಓಲೆಗಳು ಬಂದಿವೆ. ನೆರೆ ಇಳಿದೊಡನೆ ನಾವೇ ಮೊದಲು ನುಗ್ಗುತ್ತೇವೆ. ಮನೆಗೊಬ್ಬ ಗಂಡಸು ಹೊರಡಬೇಕು. ದೊರೆಯ ಮಾತನ್ನು ನಂಬದವರು ಸಭೆಗೆ ಬಂದು ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಯುದ್ಧವಿಲ್ಲ. ತಪ್ಪಿದರೆ ತಲೆಯಿಲ್ಲ!"

ಡಂಗುರ ಕೇಳಿ ಅಂಬಿಗ ದುಗ್ಗ ಹರಿಗೋಲಿಗೆ ಹೊದಿಸುತ್ತಿದ್ದ ತೊಗಲನ್ನು ಕೆಳಗಿಟ್ಟ. ಹಿಂದಿನ ಯುದ್ಧಕ್ಕೂ ಇಂಥದೇ ಓಲೆ ಬಂದಿತ್ತು. ಆಚೆ ದಡದಲ್ಲಿ ನೂರು ಆನೆಗಳಿವೆಯೆಂದು ಅದರಲ್ಲಿ ಬರೆದಿತ್ತು. ಹೋದವರು ಒಂದು ಆನೆಯನ್ನೂ ಕಾಣಲಿಲ್ಲ. ದುಗ್ಗನ ಅಪ್ಪ ತಿರುಗಿ ಬರಲಿಲ್ಲ. ದುಗ್ಗನದು ಕುಂಟುಗಾಲು, ದಂಡಿಗೆ ಬೇಡದವನು. ಹೊರಡಬೇಕಾದವನು ಅಣ್ಣ ಸೋಮ. ಅವ್ವ ಆಗಲೇ ಅವನನ್ನು ದಡದಲ್ಲಿ ಬೋರಲು ಹಾಕಿದ್ದ ಹರಿಗೋಲಿನ ಕೆಳಗೆ ಅಡಗಿಸಿದ್ದಳು.

ದುಗ್ಗ ಸಭೆಗೆ ಹೋದಾಗ ಅವನಿಗಿಂತ ಮುಂದೆ ಒಬ್ಬ ಪಂಡಿತ, ಒಬ್ಬ ಪಾಳೆಯಗಾರ ನಿಂತಿದ್ದರು. ಇಬ್ಬರೂ ಎರಡು ಒಗಟು ಬಿಡಿಸಿ ಮೂರನೆಯದಕ್ಕೆ ಬಂದಿದ್ದರು. ಮಂತ್ರಿ ಅರಗಿನ ಮುದ್ರೆಯ ಓಲೆಯೊಂದನ್ನು ಎತ್ತಿ ಹಿಡಿದ.

"ಇಂದು ಬೆಳಿಗ್ಗೆ ಆಚೆ ದಡದಿಂದ ಬಂದದ್ದು," ಎಂದ ದೊರೆ. "ಇದರಲ್ಲಿ ಏನಿದೆ?"

"ಹತ್ತು ಸಾವಿರ ಕಾಲಾಳು," ಎಂದ ಪಂಡಿತ.

"ತಪ್ಪು."

"ಕುದುರೆ ದಂಡು," ಎಂದ ಪಾಳೆಯಗಾರ.

"ತಪ್ಪು."

ಇಬ್ಬರನ್ನೂ ಹೊರಗೆ ಎಳೆದೊಯ್ದರು. ಕೂಗು ಎರಡು ಸಲ ಕೇಳಿಸಿತು, ಆಮೇಲೆ ನಿಂತಿತು.

ದುಗ್ಗ ಮುಂದೆ ಬಂದ. "ಹುಟ್ಟು ಹಾಕೋ ಕೈಗೆ ಒಗಟು ಯಾಕಪ್ಪ?" ಎಂದು ಮಂತ್ರಿ ನಕ್ಕ.

ದೊರೆ ನಗಲಿಲ್ಲ. "ಕಾಲಿಲ್ಲದೆ ಗಡಿ ದಾಟಿ, ಬಾಯಿಲ್ಲದೆ ಗುಟ್ಟು ಹೇಳುವುದು ಯಾವುದು?"

"ಬೇಹಿನ ಓಲೆ, ಬುದ್ಧಿ."

"ಬಡವ ತಾನಾಗಿ ಕೊಟ್ಟರೆ ಮಾತ್ರ ನನಗೆ ದಕ್ಕುವುದು, ದಂಡು ಕಳಿಸಿ ತರಿಸಲಾಗದ್ದು ಯಾವುದು?"

"ನಂಬಿಕೆ, ಬುದ್ಧಿ."

"ಈ ಓಲೆಯಲ್ಲಿ ಏನಿದೆ?"

ದುಗ್ಗ ಅರಗಿನ ಮುದ್ರೆಯನ್ನು ನೋಡಿದ. "ಏನೂ ಇಲ್ಲ, ಬುದ್ಧಿ."

"ಬಿಡಿಸಿ ಹೇಳು," ಎಂದ ದೊರೆ.

"ಹೊಳೆ ತುಂಬಿ ಎಂಟು ದಿನವಾಯಿತು. ನೆರೆ ಬಂದಾಗ ನಾವು ಹರಿಗೋಲುಗಳ ಹಳೆಯ ತೊಗಲು ಬಿಚ್ಚಿ ಹೊಸದು ಹೊದಿಸುತ್ತೇವೆ. ಇರುವ ಏಳೂ ದಡದಲ್ಲಿ ಬೋರಲು ಬಿದ್ದಿವೆ. ಯಾರೂ ದಾಟಿಲ್ಲ, ಓಲೆಯೂ ದಾಟಿಲ್ಲ. ಇನ್ನು, ಆ ಇಬ್ಬರು ಹೇಳಿದ್ದು ತಪ್ಪೆಂದು ತಾವು ಮುದ್ರೆ ಒಡೆಯದೆಯೇ ಹೇಳಿದಿರಿ. ಅಂದರೆ ಓಲೆ ಇಲ್ಲೇ ಹುಟ್ಟಿದ್ದು; ಒಳಗೆ ಏನು ಬರೆಯಬೇಕೆಂದು ತಮಗೆ ಇನ್ನೂ ತೀರ್ಮಾನವಾಗಿಲ್ಲ."

ದೊರೆ ಮುದ್ರೆ ಒಡೆದ. ಬೋಳು ಓಲೆ. ಯಾರೂ ಜಯಕಾರ ಹಾಕಲಿಲ್ಲ. ದೊರೆ ಕೆಳಗಿಳಿದು ಬಂದು ತನ್ನ ಚಿನ್ನದ ಕಡಗವನ್ನು ದುಗ್ಗನ ಕೈಗೆ ತೊಡಿಸಿದ. "ಯುದ್ಧವಿಲ್ಲ. ಜಾಣ ನೀನು. ಇನ್ನು ಮುಂದೆ ಆಚೆ ದಡದಿಂದ ನನ್ನ ಓಲೆಗಳನ್ನು ತರುವವನು ನೀನೇ." ಕಡಗ ಬಿಗಿಯಾಗಿತ್ತು.

ಸಂಜೆ ದುಗ್ಗ ಕುಂಟುತ್ತಲೇ ದಡಕ್ಕೆ ಧಾವಿಸಿ ಬಂದ. "ಅವ್ವಾ, ಯುದ್ಧ ನಿಂತಿತು!"

"ಯಾರು ಹೇಳಿದರು?"

"ದೊರೆಯೇ ಹೇಳಿದ."

ಅವ್ವ ಮಗನ ಕೈಯ ಕಡಗವನ್ನು ನೋಡಿದಳು. ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಬಗ್ಗಿ, ಹರಿಗೋಲಿನ ಅಂಚಿನಡಿ ತೂರಿಸಿದಳು.

"ಸೋಮಾ," ಎಂದಳು ಮೆಲ್ಲಗೆ, "ಹೊರಗೆ ಬರಬೇಡ."