ಕಾಳನ ಮೂತಿ ಬೆಳ್ಳಗಾದದ್ದು

ಬೆಟ್ಟಗಳಿನ್ನೂ ಹಸಿ ಮಣ್ಣಾಗಿದ್ದ ಕಾಲ ಅದು. ಹೊಳೆಗಳಿಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ, ಕಂಡಕಂಡವರನ್ನು ದಾರಿ ಕೇಳುತ್ತಿದ್ದವು. ಗಾಳಿಯ ಬಾಯಿಗಂತೂ ಬೀಗವೇ ಇರಲಿಲ್ಲ.

ಆಗಲೂ ಎಲ್ಲರಿಗೂ ಮುಪ್ಪು ಬರುತ್ತಿತ್ತು, ಬಂದಾಗ ಒಂದು ಗುರುತು ಇಟ್ಟು ಹೋಗುತ್ತಿತ್ತು. ಮನುಷ್ಯರ ತಲೆ ನರೆಯುತ್ತಿತ್ತು. ಟಗರಿನ ಕೊಂಬು ಸುರುಳಿ ಸುತ್ತುತ್ತಿತ್ತು. ಮರದ ತೊಗಟೆ ಬಿರಿಯುತ್ತಿತ್ತು. ನಾಯಿಗೆ ಮಾತ್ರ ಯಾವ ಗುರುತೂ ಇರಲಿಲ್ಲ. ಮುಪ್ಪು ಬಂದಾಗ ಅದು ಬೊಗಳಿ ಅಟ್ಟಿತಂತೆ! ಮುಪ್ಪೇನೋ ಹಿಂದಿನಿಂದ ನುಸುಳಿತು, ಗಡಿಬಿಡಿಯಲ್ಲಿ ಗುರುತು ಇಡುವುದನ್ನು ಮರೆಯಿತು.

ಕುರಿ ಕಾಯುವ ಮಾಳವ್ವನ ಹತ್ತಿರ ಕಾಳ ಎಂಬ ನಾಯಿ ಇತ್ತು. ಮೂಗಿನಿಂದ ಬಾಲದವರೆಗೆ ಕಪ್ಪು. ಅವಳು ಸೊಸೆಯಾಗಿ ಬಂದಾಗ ಅದಿನ್ನೂ ಮರಿ. ಈಗ ಅದಕ್ಕೆ ಹಲ್ಲಿಲ್ಲ, ಕಿವಿ ಕೇಳದು, ಎದ್ದು ನಿಂತರೆ ಹಿಂಗಾಲು ಜಾರುತ್ತದೆ. ತೋಳ ಬಂದು ಒಂದು ಕುರಿಮರಿಯನ್ನು ಎತ್ತಿಕೊಂಡು ಹೋದರೂ ಅದಕ್ಕೆ ಎಚ್ಚರವಾಗಲಿಲ್ಲ.

ಮಾಳವ್ವನ ಮಾವ ಬೀರಜ್ಜನಿಗೆ ಸಿಟ್ಟು ಬಂತು. "ನಾಳೆ ಹೊಳೆ ದಾಟ್ತೀವಿ. ಇವನು ಈ ದಡದಾಗೇ ಇರ್ಲಿ. ತಿಂದು ತಿಂದು ಮೈಗಳ್ಳ ಆಗವ್ನೆ."

"ಮೈಗಳ್ಳ ಅಲ್ಲ ಮಾವ, ಮುದುಕ ಆಗವ್ನೆ."

"ಮುದುಕನಾ? ಎಲ್ಲೈತೆ ನರೆ, ತೋರ್ಸು! ನನ್ನ ಗಡ್ಡ ನೋಡು, ಇವನ ಮೈ ನೋಡು."

ಮಾಳವ್ವ ನೋಡಿದಳು. ಒಂದು ಕೂದಲೂ ಬೆಳ್ಳಗಿರಲಿಲ್ಲ. ಬಿಟ್ಟು ಹೋದರೆ ಆ ಸಂಜೆಯೇ ಕಾಳ ತೋಳನ ಬಾಯಿಗೆ ತುತ್ತಾಗುತ್ತಿತ್ತು.

ಬೆಳಿಗ್ಗೆ ಒಂದು ಕುರಿ ಈದಿತು. ಮರಿ ಹೊಟ್ಟೆ ತುಂಬ ಕುಡಿದ ಮೇಲೂ ಕೆಚ್ಚಲಲ್ಲಿ ಗಿಣ್ಣುಹಾಲು ಉಳಿದಿತ್ತು. ಮಾಳವ್ವ ಅದನ್ನು ಅಂಗೈಗೆ ಕರೆದು ಕಾಳನ ಬಾಯಿಗೆ ಹಿಡಿದಳು. ಕೊನೆಯ ಸಲವಾದರೂ ಹೊಟ್ಟೆ ತುಂಬಲಿ ಎಂದುಕೊಂಡಳು. ಕಾಳ ಮೂತಿ ಅದ್ದಿ ಅದ್ದಿ ನೆಕ್ಕಿತು. ಗಿಣ್ಣು ಮಂದ, ಮೂತಿಗೆಲ್ಲ ಮೆತ್ತಿಕೊಂಡು ಬಿಸಿಲಿಗೆ ಒಣಗಿತು.

ಬೀರಜ್ಜ ಕೋಲೂರಿಕೊಂಡು ಬಂದ. ಕಣ್ಣು ಮಂಜು, ಬಗ್ಗಿ ನೋಡಿದ.

"ಅಯ್ಯೋ ಶಿವನೇ! ಇವನಿಗೂ ಗಡ್ಡ ನರೆತೈತಲ್ಲೇ! ನನ್ನ ವಾರಗೆಯವನು!" ತನ್ನ ಗಡ್ಡ ನೀವಿಕೊಂಡ. "ಮುದುಕರನ್ನ ಬಿಟ್ಟು ಹೋಗೋ ವಂಶ ಅಲ್ಲ ನಮ್ಮದು. ಎತ್ಕೋ."

ಮೂತಿಯ ಮೇಲಿನ ಬಿಳುಪು ಏನೆಂದು ಕೇಳಿದ್ದರೆ ಮಾಳವ್ವ ಹೇಳುತ್ತಿದ್ದಳು. ಬೀರಜ್ಜ ಕೇಳಲಿಲ್ಲ, ಅವಳು ಕಾಳನನ್ನು ಎತ್ತಿಕೊಂಡು ನೀರಿಗಿಳಿದಳು.

ನಡುಹೊಳೆಯಲ್ಲಿ ನೀರು ಎದೆಮಟ್ಟ ಬಂತು. ಕುರಿಗಳ ಜೊತೆ ಮುಂದಾಗಿ ದಾಟಿದ್ದ ಬೀರಜ್ಜ ಆಚೆ ದಡದಿಂದ ನೋಡುತ್ತಲೇ ಇದ್ದ. ಆಗ ಗಾಳಿ ಸುಮ್ಮನಿರಬೇಕೋ ಬೇಡವೋ!

"ಹೊಳೆಯಕ್ಕಾ, ಅದು ನರೆಯಲ್ಲ, ಗಿಣ್ಣು! ತೊಳೆದು ಬಿಡು, ತೊಳೆದು ಬಿಡು!"

"ಯಾರು ಬಳಿದದ್ದು?" ಎಂದಿತು ಹೊಳೆ.

"ಬಳಿದಿಲ್ಲ ತಾಯಿ, ಉಣಿಸಿದೆ," ಎಂದಳು ಮಾಳವ್ವ. "ನೀನು ತೊಳೆದರೆ ಇವನು ಸಾಯ್ತಾನೆ."

ಹೊಳೆ ಒಂದು ಗಳಿಗೆ ಹರಿಯುವುದನ್ನು ನಿಲ್ಲಿಸಿತು. ಆಮೇಲೆ ಹೇಳಿತು: "ಕೆಸರು ತೊಳೀತೀನಿ, ಕೊಳೆ ತೊಳೀತೀನಿ. ಉಣಿಸಿದ್ದನ್ನ ತೊಳೆಯೋದು ನನ್ನ ಕೆಲಸ ಅಲ್ಲ."

ನೀರು ಕಾಳನ ಮೈಯೆಲ್ಲ ತೊಳೆಯಿತು, ಮೂತಿಯನ್ನು ಬಿಟ್ಟಿತು. ಗಾಳಿ ಗೊಣಗುತ್ತಾ ಹೋಯಿತು.

ಕಾಳ ಆಮೇಲೆ ಬಹಳ ಕಾಲ ಬದುಕಲಿಲ್ಲ. ಇರುವಷ್ಟು ದಿನ ಬೀರಜ್ಜನ ಕಂಬಳಿಯಲ್ಲೇ ಮಲಗಿತು, ಅಜ್ಜನಿಗಿಂತ ಜೋರಾಗಿ ಗೊರಕೆ ಹೊಡೆಯಿತು.

ಅಂದಿನಿಂದ, ಮಗು, ಮೈ ಎಷ್ಟೇ ಕಪ್ಪಗಿರಲಿ, ಮುಪ್ಪಾದ ನಾಯಿಗೆ ಮೊದಲು ಬೆಳ್ಳಗಾಗುವುದು ಮೂತಿಯೇ. ನಿಮ್ಮ ಬೀದಿಯಲ್ಲಿ ಅಂಥದ್ದೊಂದು ಕಂಡರೆ ಅದಕ್ಕೆ ಒಣರೊಟ್ಟಿ ಎಸೆದು ಬರಬೇಡ. ಹಾಲಲ್ಲಿ ನೆನೆಸಿ, ಅಂಗೈಯಲ್ಲಿ ಹಿಡಿ.